ಮೇಲ್ಮನೆ ಕಲಾಪ

ಬೆಂಗಳೂರಿನಲ್ಲಿ ಮನೆ ಬಾಡಿಗೆಗೆ ಕೊಡುವವರು ಕೇಳದ ಪ್ರಶ್ನೆ ಇಲ್ಲ. ಊರು ಯಾವುದು, ಕೆಲಸ ಎಲ್ಲಿ, ಮಾಂಸ ಬೇಯಿಸುತ್ತೀರಾ, ಮದುವೆಯಾಗಿದೆಯೇ, ಆಗಿದ್ದರೆ ಹೆಂಡತಿ ಜೊತೆಯಲ್ಲೇ ಇರುತ್ತಾರೆಯೇ, ಊರಿನಿಂದ ಬರುವ ನೆಂಟರು ಎಷ್ಟು ದಿನ ಉಳಿಯುತ್ತಾರೆ, ನಾಯಿ ಸಾಕುವ ಯೋಚನೆ ಏನಾದರೂ ಇದೆಯೇ. ಬಾಡಿಗೆಗೆ ಬರುವವನೂ ಕಡಿಮೆಯಿಲ್ಲ. ಕಾವೇರಿ ನೀರೋ ಬೋರ್‌ವೆಲ್ಲೋ, ಬೇಸಿಗೆಯಲ್ಲಿ ಟ್ಯಾಂಕರ್ ಖರ್ಚು ಯಾರದ್ದು, ಕಾರು ನಿಲ್ಲಿಸಲು ಜಾಗ ಇದೆಯೇ, ಮೆಟ್ರೋ ಎಷ್ಟು ದೂರ. ಇಬ್ಬರೂ ಕುಳಿತು ಜಾತಕ ಕೂಡಿಸಿದಂತೆ ಎಲ್ಲವನ್ನೂ ಕೂಡಿಸಿ ನೋಡಿ ಕರಾರು ಪತ್ರಕ್ಕೆ ಸಹಿ ಹಾಕುತ್ತಾರೆ. ತಲೆಯ ಮೇಲೆ ಯಾರಿದ್ದಾರೆ ಎಂಬ ಒಂದು ಪ್ರಶ್ನೆ ಮಾತ್ರ ಯಾರ ಬಾಯಿಂದಲೂ ಹೊರಡುವುದಿಲ್ಲ. ಕೇಳಬೇಕಾದ ಅಗತ್ಯವೂ ಇಲ್ಲ. ಹಾಲು ಉಕ್ಕಿಸಿದ ದಿನ ರಾತ್ರಿಯೇ ಉತ್ತರ ತಾನಾಗಿ ಇಳಿದು ಬರುತ್ತದೆ.

ರಾಜ್ಯದ ಮೇಲ್ಮನೆಯಲ್ಲಿ 75 ಸದಸ್ಯರಿದ್ದಾರೆ. ಗದ್ದಲ ಮಿತಿ ಮೀರಿದರೆ ಸಭಾಪತಿಗಳು ಎದ್ದು ಕಲಾಪವನ್ನು ಮುಂದೂಡುತ್ತಾರೆ. ನಮ್ಮ ಮೇಲ್ಮನೆಯಲ್ಲಿರುವುದು ಗಂಡ, ಹೆಂಡತಿ, ಒಬ್ಬರು ಅಜ್ಜಿ, ಒಬ್ಬಳು ಮಗಳು. ಮುಂದೂಡುವವರು ಯಾರೂ ಇಲ್ಲ. ಅಧಿವೇಶನ ಬೆಳಗಿನ ಐದೂವರೆಗೆ ಅಜ್ಜಿ ಶುಂಠಿ ಜಜ್ಜುವುದರೊಂದಿಗೆ ಆರಂಭವಾಗುತ್ತದೆ. ಕುಟ್ಟಾಣಿಯನ್ನು ಅಡುಗೆ ಕಟ್ಟೆಯ ಮೇಲಿಟ್ಟು ಕುಟ್ಟಿದರೆ ಗ್ರಾನೈಟ್ ಬಿರುಕು ಬಿಡುತ್ತದೆ ಎಂಬ ಮುಂಜಾಗ್ರತೆಯಿಂದ ಅದನ್ನು ನೆಲದ ಮೇಲಿಟ್ಟು ಕುಟ್ಟುತ್ತಾರೆ. ಅವರು ಉಳಿಸುವುದು ಸ್ವಂತ ಕಟ್ಟೆಯನ್ನು, ಕುಟ್ಟುವುದು ನನ್ನ ಸೂರನ್ನು. ಆಮೇಲೆ ಕುರ್ಚಿಗಳು. ಊಟದ ಮೇಜಿನ ಕುರ್ಚಿಯನ್ನು ಎಳೆಯದೆ ಎತ್ತಿ ಇಡಬಹುದು ಎಂಬ ಜ್ಞಾನ ಈ ನಗರಕ್ಕೆ ಇನ್ನೂ ಬಂದಿಲ್ಲ. ಕಾಲಿಗೆ ರಬ್ಬರ್ ಬುಷ್ ಹಾಕಬಹುದು ಎಂಬುದಂತೂ ಮುಂದಿನ ಪೀಳಿಗೆಯ ಸಂಶೋಧನೆ.

ಗಂಡ ಅಮೆರಿಕದ ಸಮಯಕ್ಕೆ ಕೆಲಸ ಮಾಡುವವರು. ರಾತ್ರಿ ಹನ್ನೊಂದರ ನಂತರ ಕಿವಿಗೆ ಫೋನು ಸಿಕ್ಕಿಸಿಕೊಂಡು ಅಡ್ಡಾಡುತ್ತಾ ಮಾತನಾಡುತ್ತಾರೆ. ಅವರ ಮಾತು ನನಗೆ ಕೇಳಿಸುವುದಿಲ್ಲ, ಹಿಮ್ಮಡಿ ಮಾತ್ರ ಕೇಳಿಸುತ್ತದೆ. ಹೆಜ್ಜೆಯ ವೇಗದಿಂದಲೇ ಅವರ ಕಂಪನಿಯ ತ್ರೈಮಾಸಿಕ ಫಲಿತಾಂಶವನ್ನು ಊಹಿಸುವ ಮಟ್ಟಕ್ಕೆ ತಲುಪಿದ್ದೇನೆ, ಷೇರು ಕೊಳ್ಳುವುದೊಂದು ಬಾಕಿ. ಸಂಜೆಯ ಹೊತ್ತು ಮಗಳ ಭರತನಾಟ್ಯ. ಅವಳು ಇನ್ನೂ ತಟ್ಟಡವಿನಲ್ಲಿದ್ದಾಳೆ. ಹೆಸರೇ ಹೇಳುವಂತೆ ಅದರಲ್ಲಿ ತಟ್ಟುವುದನ್ನು ಬಿಟ್ಟು ಬೇರೇನೂ ಇಲ್ಲ. ಇದರ ವಿರುದ್ಧ ದೂರು ಕೊಡುವ ಧೈರ್ಯ ಯಾರಿಗಿದೆ? ಟಿವಿ ಜೋರಾಗಿದ್ದರೆ ಗದ್ದಲ ಎನ್ನಬಹುದು, ಇದು ಸಂಸ್ಕೃತಿ. ಗದ್ದಲ ಸಹಿಸದವನು ನೆರೆಯವನಷ್ಟೇ, ಸಂಸ್ಕೃತಿ ಸಹಿಸದವನು ಸಮಾಜಘಾತುಕ. ಆ ಮಗು ಬೇಗ ಅಭಿನಯದ ಪಾಠಕ್ಕೆ ತಲುಪಲಿ ಎಂದು ಹಾರೈಸುವವರಲ್ಲಿ ಅವಳ ಗುರುಗಳ ನಂತರ ನಾನೇ ಮೊದಲಿಗ. ಕಣ್ಣು, ಹುಬ್ಬು, ಕತ್ತು ಎಷ್ಟು ಕುಣಿದರೂ ಕೆಳಗೆ ಕೇಳಿಸುವುದಿಲ್ಲ.

ಇನ್ನು ಗೋಲಿಯ ವಿಷಯ. ಅಪಾರ್ಟ್‌ಮೆಂಟಿನಲ್ಲಿ ವಾಸ ಮಾಡಿದ ಯಾರನ್ನು ಬೇಕಾದರೂ ಕೇಳಿ, ಮಧ್ಯರಾತ್ರಿ ಮೇಲೆ ಯಾರೋ ಗೋಲಿ ಬೀಳಿಸಿ ಉರುಳಿಸುತ್ತಾರೆ ಎನ್ನುತ್ತಾರೆ. ಮೇಲೆ ಮಕ್ಕಳೇ ಇಲ್ಲದ ಮನೆ ಇದ್ದರೂ ಗೋಲಿ ಉರುಳುತ್ತದೆ. ಮನೆ ಖಾಲಿ ಇದ್ದರೂ ಉರುಳುತ್ತದೆ. ಕೊಳವೆಯಲ್ಲಿ ಹರಿಯುವ ನೀರು ತಟ್ಟನೆ ನಿಂತಾಗ ಆಗುವ ಹೊಡೆತ ಅದು ಎಂದು ಪ್ಲಂಬರ್ ಹೇಳಿದರು. ನಮ್ಮ ಮಹಡಿಯಲ್ಲಿ ಯಾರೂ ನಂಬಲಿಲ್ಲ. ನೀರಿನ ಮೇಲೆ ಸಿಟ್ಟು ಮಾಡಿಕೊಳ್ಳುವುದರಲ್ಲಿ ಏನು ಸುಖವಿದೆ?

ಮೇಲೆ ಹೋಗಿ ಮಾತನಾಡಬಾರದೇ ಎಂದು ಕೇಳುವವರು ಇದ್ದಾರೆ. ಹೋದೆ. ಬಾಗಿಲು ತೆರೆದ ಗೃಹಿಣಿ ಬಹಳ ಮರ್ಯಾದಸ್ಥರು. ‘ಅಯ್ಯೋ, ನಮ್ಮ ಮನೆಯಿಂದಲೇ? ಸಾಧ್ಯವೇ ಇಲ್ಲ ಸರ್, ನಾವು ಹೆಜ್ಜೆ ಇಟ್ಟರೆ ನಮಗೇ ಕೇಳಿಸುವುದಿಲ್ಲ’ ಎಂದರು. ಇದರಲ್ಲಿ ಸುಳ್ಳಿನ ಲವಲೇಶವೂ ಇಲ್ಲ. ಅವರ ಹೆಜ್ಜೆ ಅವರಿಗೆ ಕೇಳಿಸದಿರುವುದು ಅದು ಪೂರ್ತಿಯಾಗಿ ನನಗೆ ತಲುಪುತ್ತಿರುವುದರಿಂದಲೇ. ‘ನಮ್ಮ ಮೇಲಿನವರದ್ದು ಕೇಳಬೇಕು ನೀವು, ರಾಕ್ಷಸರು’ ಎಂದು ದನಿ ತಗ್ಗಿಸಿ ಹೇಳಿ, ಕುಳ್ಳಿರಿಸಿ, ತಟ್ಟೆಯಲ್ಲಿ ಕೋಡುಬಳೆ ತಂದಿಟ್ಟರು. ಬಿಸಿಬಿಸಿಯಾಗಿತ್ತು. ಬೆಳಗ್ಗೆಯಿಂದ ನನ್ನ ನೆತ್ತಿಯ ಮೇಲೆ ಕುಟ್ಟಿದ್ದು ಇದಕ್ಕೆ ಬೇಕಾದ ಕೊಬ್ಬರಿ, ಒಣಮೆಣಸಿನಕಾಯಿಯೇ ಇರಬೇಕು. ಉಂಡ ಮನೆಗೆ ಎರಡು ಬಗೆಯಬಾರದು ಎಂದು ಹಿರಿಯರು ಹೇಳಿಟ್ಟಿರುವುದರಿಂದ ಇನ್ನೂ ಎರಡು ತಿಂದು ಇಳಿದು ಬಂದೆ.

ನನ್ನ ಮನೆಯ ಮಾಲೀಕರು ಇರುವುದು ಬೇರೆ ಖಂಡದಲ್ಲಿ. ಅಲ್ಲಿ ಮರದ ಮನೆ, ಮೇಲೆ ಹಿಮ ಬಿಟ್ಟರೆ ಬೇರೆ ಯಾರೂ ಬೀಳುವುದಿಲ್ಲ. ಅವರು ‘ಸ್ವಲ್ಪ ಹೊಂದಿಕೊಂಡು ಹೋಗಿ’ ಎಂದರು. ಹೊಂದಿಕೊಂಡೇ ಇದ್ದೇನೆ ಎಂದೆ. ‘ಹಾಗಾದರೆ ತೊಂದರೆ ಏನು?’ ಎಂದರು.

ಉಳಿದದ್ದು ನಿವಾಸಿಗಳ ಸಂಘ. ನಿವಾಸಿಗಳ ಸಂಘ ಎಂದರೆ ನಿವಾಸಿಗಳದ್ದಲ್ಲ, ಮಾಲೀಕರದ್ದು. ಬೋಸ್ಟನ್‌ನಲ್ಲಿ ವಾಸಿಸುವ ಮಾಲೀಕ ಇಲ್ಲಿಯ ನಿವಾಸಿ, ಇಲ್ಲಿ ಮಲಗಿ ಏಳುವ ಬಾಡಿಗೆದಾರ ಅಲ್ಲ. ಮೇಲಿನವರು ಸ್ವಂತ ಮನೆಯವರು. ಅವರು ಮಾಡುವುದು ವಾಸ, ನಾನು ಮಾಡುವುದು ತಕರಾರು. ವಾಟ್ಸ್‌ಆ್ಯಪ್‌ನಲ್ಲಿ ನಮಗೆಂದೇ ಒಂದು ಪ್ರತ್ಯೇಕ ಗುಂಪು ಇದೆ, ಅದರಲ್ಲಿ ನಾವು ಓದಬಹುದು, ಬರೆಯುವಂತಿಲ್ಲ. ಕಾರ್ಯದರ್ಶಿಗಳಿಗೆ ಲಿಖಿತವಾಗಿ ಕೊಟ್ಟ ದೂರು ಕಾರ್ಯಕಾರಿ ಸಮಿತಿಯ ಮುಂದೆ ಬಂತು. ಅಂದು ಲಿಫ್ಟಿನಲ್ಲಿ ಊಟ ತರುವ ಹುಡುಗರು ಹತ್ತಬಹುದೇ ಎಂಬ ಗಂಭೀರ ಚರ್ಚೆ ನಡೆದದ್ದರಿಂದ ನನ್ನ ವಿಷಯಕ್ಕೆ ಸಮಯ ಸಾಲಲಿಲ್ಲ. ಆದರೂ ಒಂದು ಸುತ್ತೋಲೆ ಹೊರಟಿತು: ಬಾಡಿಗೆದಾರರು ರಾತ್ರಿ ಹತ್ತರ ನಂತರ ಶಬ್ದ ಮಾಡಬಾರದು. ಇದಾದ ಕೆಲವೇ ದಿನಗಳಲ್ಲಿ, ಸಹನೆ ಕೆಟ್ಟು, ಜೇಡರಬಲೆ ತೆಗೆಯುವ ಉದ್ದನೆಯ ಪೊರಕೆಯ ಹಿಡಿಯಿಂದ ಸೂರಿಗೆ ನಾಲ್ಕು ಬಾರಿ ತಟ್ಟಿದೆ. ಅದರ ವಿರುದ್ಧ ಮೇಲಿನವರು ಕೊಟ್ಟ ದೂರಿನ ಮೇಲೆ ಸಂಘ ಮರುದಿನ ಬೆಳಗ್ಗೆಯೇ ಕ್ರಮ ಕೈಗೊಂಡಿತು. ಸಮಿತಿಗೆ ವೇಗ ಇಲ್ಲ ಎನ್ನುವವರು ಇದನ್ನು ಗಮನಿಸಬೇಕು.

ಕಾನೂನು ಇಲ್ಲವೇ ಎಂದರೆ, ಧಾರಾಳವಾಗಿ ಇದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಂತ್ರಣ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್. ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರರವರೆಗೆ, ಹಾಗಾಗಿ ಅಜ್ಜಿಯ ಐದೂವರೆಯ ಶುಂಠಿ ಸ್ಪಷ್ಟವಾಗಿ ರಾತ್ರಿಯ ಅಪರಾಧ. ಆದರೆ ನಿಯಮವನ್ನು ಬರೆದವರು ಕರುಣಾಳುಗಳು. ಮೊದಲನೆಯದಾಗಿ, ಈ ಮಿತಿ ಒಂದು ಹೊಡೆತದ್ದಲ್ಲ, ಇಡೀ ಅವಧಿಯ ಸರಾಸರಿಯದ್ದು. ಕುಟ್ಟಾಣಿಯ ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವಿನ ಮೌನವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೆ ಅಜ್ಜಿ ಪರಮ ಶಾಂತಸ್ವಭಾವದವರು. ಖಾಸಗಿ ಜಾಗದ ಗಡಿಯಲ್ಲಿ ಮಿತಿಗಿಂತ 5 ಡೆಸಿಬೆಲ್‌ಗೂ ಹೆಚ್ಚು ಶಬ್ದ ಇರಬಾರದು ಎಂಬ ಇನ್ನೊಂದು ಮಾತೂ ಇದೆ, ಆದರೆ ಅದು ಧ್ವನಿವರ್ಧಕ ಮತ್ತು ಶಬ್ದ ಹೊರಡಿಸುವ ಉಪಕರಣಗಳಿಗೆ ಸಂಬಂಧಿಸಿದ್ದು. ಹಿಮ್ಮಡಿ ಉಪಕರಣವೇ ಎಂಬ ಬಗ್ಗೆ ನಿಯಮ ಏನೂ ಹೇಳುವುದಿಲ್ಲ. ಗಡಿ ಎಂದರೆ ನಿಂತಿರುವ ಕಾಂಪೌಂಡ್ ಗೋಡೆ ಎಂದು ಭಾವಿಸಿದವರಿಗೆ, ಎರಡು ಸಂಸಾರಗಳ ಗಡಿ ಅಡ್ಡಡ್ಡ ಮಲಗಿಯೂ ಇರಬಹುದು ಎಂದು ಹೊಳೆದಂತಿಲ್ಲ. ಇಷ್ಟರ ಮೇಲೆ, ದೂರು ಕೊಡುವವನಿಗೆ ಸಾಮಾನ್ಯವಾಗಿ ಮಿತಿಗಿಂತ 10 ಡೆಸಿಬೆಲ್ ಹೆಚ್ಚು ಕೇಳಿಸಿರಬೇಕು. ಐದಕ್ಕೆ ನಿಯಮ ಮುರಿಯುತ್ತದೆ, ಹತ್ತಕ್ಕೆ ಬಾಯಿ ತೆರೆಯಬಹುದು. ನಡುವಿನ ಐದನ್ನು ನುಂಗಿಕೊಳ್ಳುವುದು ನಾಗರಿಕನ ಕರ್ತವ್ಯ.

ಅಳೆಯೋಣ ಎಂದು ಮೊಬೈಲಿಗೆ ಡೆಸಿಬೆಲ್ ಆ್ಯಪ್ ಹಾಕಿಕೊಂಡೆ. ಮೇಲಿನವರು ಏನೂ ಮಾಡದೆ ಮಲಗಿದ್ದಾಗಲೂ ಅದು ಮಿತಿ ದಾಟಿದ ಅಂಕಿ ತೋರಿಸಿತು. ಕಿಟಕಿಯಾಚೆ ರಸ್ತೆ ಇತ್ತು. ನಮ್ಮ ನಗರದಲ್ಲಿ ಶಬ್ದ ಅಳೆಯುವ ಸರಕಾರಿ ಯಂತ್ರಗಳೂ ಇವೆ. 2011ರಲ್ಲಿ ಆರಂಭವಾದ ರಾಷ್ಟ್ರೀಯ ಜಾಲದಡಿ ಪೀಣ್ಯ, ವೈಟ್‌ಫೀಲ್ಡ್, ಬಿಟಿಎಂ, ನಿಮ್ಹಾನ್ಸ್ ಮುಂತಾದ ಕಡೆ ಅವನ್ನು ನಿಲ್ಲಿಸಿದ್ದಾರೆ. ಅವು ರಸ್ತೆಯ ಗಲಾಟೆಯನ್ನು ಕೇಳಿ ಬರೆದಿಟ್ಟುಕೊಳ್ಳುತ್ತವೆ. ರಸ್ತೆ ಇವುಗಳಿಗೆ ಹೆದರಿ ಸುಮ್ಮನಾದ ಉದಾಹರಣೆಯನ್ನು ನಾನು ಕಂಡಿಲ್ಲ.

ಕೊನೆಗೆ 112ಕ್ಕೆ ಕರೆ ಮಾಡಿದರೆ ಹೊಯ್ಸಳ ವಾಹನ ಬರುತ್ತದೆ. ಸಳ ಹುಲಿಯನ್ನು ಹೊಡೆದ ಕಾಲದಲ್ಲಿ ಹುಲಿ ಎದುರಿಗೇ ಇತ್ತು. ಇಲ್ಲಿ ಪೊಲೀಸರು ಮೆಟ್ಟಿಲು ಹತ್ತುವಷ್ಟರಲ್ಲಿ ಹುಲಿ ಹೊದ್ದು ಮಲಗಿರುತ್ತದೆ. ‘ಎಲ್ಲಿ ಸ್ವಾಮಿ ಶಬ್ದ?’ ಎಂದು ಅವರು ಕೇಳುವ ಪ್ರಶ್ನೆಯೇ ಆ ರಾತ್ರಿಯ ಅತ್ಯಂತ ದೊಡ್ಡ ಶಬ್ದ. ಸಾರ್ವಜನಿಕ ಉಪದ್ರವ ಎಂದು ಪ್ರಕರಣ ದಾಖಲಿಸಬಹುದೇ ಎಂದರೆ, ಅದಕ್ಕೆ ಮೊದಲು ಉಪದ್ರವ ಸಾರ್ವಜನಿಕವಾಗಿರಬೇಕು, ಅಂದರೆ ಸುತ್ತಮುತ್ತಲಿನ ಜನರಿಗೆಲ್ಲ ಆಗಬೇಕು. ಕೆಳಗೆ ಮಲಗಿದ ಒಬ್ಬನ ನಿದ್ದೆ ಖಾಸಗಿ ವಿಷಯ. ಹಾಗೂ ಸಾಬೀತಾದರೆ ದಂಡ ಎಷ್ಟು? 1860ರ ಹಳೆಯ ದಂಡ ಸಂಹಿತೆಯಲ್ಲಿ 200 ರೂಪಾಯಿವರೆಗೆ ಇತ್ತು. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 292ನೇ ಕಲಮಿನಲ್ಲಿ ಅದನ್ನು 1000ಕ್ಕೆ ಏರಿಸಿದ್ದಾರೆ. ನೂರರವತ್ತು ವರ್ಷಗಳಲ್ಲಿ ಐದು ಪಟ್ಟು. ನಮ್ಮ ಬಡಾವಣೆಯ ಬಾಡಿಗೆ ಇದೇ ಗತಿಯಲ್ಲಿ ಏರಿದ್ದರೆ ನಾನು ಮೇಲಿನ ಮನೆ, ಅದರ ಮೇಲಿನ ಮನೆ ಎರಡನ್ನೂ ಹಿಡಿದು ಬೀಗ ಹಾಕಿಡುತ್ತಿದ್ದೆ.

ಇಷ್ಟು ಜನ ಇಷ್ಟು ಮಾತನಾಡುವಾಗ ಹೆಸರೇ ಕೇಳಿಬರದ ಒಬ್ಬ ಮಹಾನುಭಾವ ಇದ್ದಾನೆ, ಕಟ್ಟಡ ಕಟ್ಟಿದವನು. ಸಾಮಾನ್ಯವಾಗಿ ನಮ್ಮಲ್ಲಿ ಎರಡು ಮನೆಗಳ ನಡುವೆ ಇರುವುದು ಐದಾರು ಅಂಗುಲದ ಕಾಂಕ್ರೀಟ್, ಅದರ ಮೇಲೆ ಗಾರೆ, ಅದರ ಮೇಲೆ ಕನ್ನಡಿಯಂತಹ ವಿಟ್ರಿಫೈಡ್ ಟೈಲ್ಸ್. ಗಾಳಿಯಲ್ಲಿ ಬರುವ ಮಾತು, ಹಾಡುಗಳನ್ನು ಈ ದಪ್ಪ ಬಹುಮಟ್ಟಿಗೆ ತಡೆಯುತ್ತದೆ. ಆದರೆ ಹಿಮ್ಮಡಿ, ಕುಟ್ಟಾಣಿ, ಕುರ್ಚಿಕಾಲು ನೇರವಾಗಿ ಕಟ್ಟಡದ ಮೈಗೇ ಬಡಿಯುತ್ತವೆ, ಸದ್ದು ಕಾಂಕ್ರೀಟಿನೊಳಗೇ ಸಾಗಿ ಕೆಳಗಿಳಿಯುತ್ತದೆ. ಇದನ್ನು ತಡೆಯಲು ಟೈಲ್ಸ್‌ನ ಅಡಿಯಲ್ಲಿ ರಬ್ಬರಿನಂತಹ ಒಂದು ಮೆತ್ತನೆಯ ಪದರ ಬೇಕು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಶಬ್ದ ನಿರೋಧದ ಬಗ್ಗೆ ಒಂದು ಅಧ್ಯಾಯವೇ ಇದೆ. ಆದರೆ ಕೈಪಿಡಿಯ ಅಧ್ಯಾಯವನ್ನು ಮಾರಾಟದ ಕರಪತ್ರದಲ್ಲಿ ಅಚ್ಚು ಹಾಕುವುದಿಲ್ಲ. ಕರಪತ್ರದಲ್ಲಿ ಈಜುಕೊಳ, ಓಡುವ ಪಥ, ಧ್ಯಾನ ಮಂದಿರ ಇರುತ್ತವೆ. ಧ್ಯಾನಕ್ಕೆ ಬೇರೆ ಮಂದಿರ ಏಕೆ ಎಂದು ಮೊದಲು ಅರ್ಥವಾಗಿರಲಿಲ್ಲ. ಮನೆಯಲ್ಲಿ ಸಾಧ್ಯವಿಲ್ಲ ಎಂಬುದು ಅವರಿಗೆ ಮೊದಲೇ ತಿಳಿದಿದೆ. ಪದರವನ್ನು ಉಳಿಸಿದವನು ಲೆಕ್ಕ ಮುಗಿಸಿಕೊಂಡು ಹೋದ. ಅವನ ಉಳಿತಾಯಕ್ಕೆ ಅಜ್ಜಿ ಮತ್ತು ನಾನು ಬಡ್ಡಿ ಕಟ್ಟುತ್ತಿದ್ದೇವೆ, ಅವರು ಬೈಗುಳದ ರೂಪದಲ್ಲಿ, ನಾನು ನಿದ್ದೆಯ ರೂಪದಲ್ಲಿ. ಎಂಬತ್ತರ ಹತ್ತಿರದ ಹೆಂಗಸು ತನ್ನ ಮನೆಯಲ್ಲಿ ಶುಂಠಿ ಜಜ್ಜುವುದನ್ನು ಡೆಸಿಬೆಲ್ಲಿನಲ್ಲಿ ಅಳೆಯುವ ಸ್ಥಿತಿಗೆ ನನ್ನನ್ನು ತಂದವನು ತನ್ನ ಸ್ವಂತ ಬಂಗಲೆಯಲ್ಲಿ, ಸುತ್ತಲೂ ತೋಟ ಇಟ್ಟುಕೊಂಡು, ಗೊರಕೆ ಹೊಡೆಯುತ್ತಾನೆ. ಆ ಗೊರಕೆ ಯಾರ ಸೂರಿಗೂ ತಾಗುವುದಿಲ್ಲ.

ಮನೆ ಬಿಟ್ಟು ಹೋಗಬಹುದಲ್ಲ ಎಂದರೆ, ಅದಕ್ಕೂ ದರಪಟ್ಟಿ ಇದೆ. ಕರಾರು 11 ತಿಂಗಳದ್ದು, ವರ್ಷ ಮೀರಿದರೆ 1908ರ ಕಾಯ್ದೆಯಡಿ ನೋಂದಣಿ ಮಾಡಿಸಬೇಕಲ್ಲ. ನಡುವೆ ಬಿಟ್ಟರೆ ಮುಂಗಡದಲ್ಲಿ ಕಡಿತ, ಬಣ್ಣದ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆ. ಕೇಂದ್ರ ಸರಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ಎರಡು ತಿಂಗಳ ಮುಂಗಡ ಸಾಕು ಎನ್ನುತ್ತದೆ. ಹತ್ತು ತಿಂಗಳು ಕೇಳಿ ಬೆಳೆದ ಬೆಂಗಳೂರು ಈಗ ಕೆಲವೆಡೆ ಐದಾರಕ್ಕೆ ಇಳಿದು ತನ್ನ ಔದಾರ್ಯಕ್ಕೆ ತಾನೇ ಬೆರಗಾಗಿದೆ. ಎಲ್ಲಕ್ಕಿಂತ ಮೇಲಿನ ಮಹಡಿ ಹಿಡಿಯಿರಿ ಎಂಬ ಸಲಹೆಯೂ ಬಂತು. ಅಲ್ಲಿ ಏಪ್ರಿಲ್‌ನಲ್ಲಿ ಬೇಯಬೇಕು, ಮಳೆಗಾಲದಲ್ಲಿ ಸೋರುವ ಸೂರಿನ ಕೆಳಗೆ ಬಕೆಟ್ ಇಡಬೇಕು, ಉಳಿದ ತಿಂಗಳುಗಳಲ್ಲಿ ತಾರಸಿಯ ಹುಟ್ಟುಹಬ್ಬಗಳನ್ನು ಕೆಳಗಿನಿಂದ ಆಚರಿಸಬೇಕು.

ಹಾಗಾಗಿ ಹೊಸದಾಗಿ ಏಳುತ್ತಿರುವ ಒಂದು ವಸತಿ ಸಮುಚ್ಚಯಕ್ಕೆ ಹೋಗಿ ವಿಚಾರಿಸಿದೆ. ಮಾರಾಟದ ಹುಡುಗ ಚುರುಕಾಗಿದ್ದ. ನೆಲದ ದಪ್ಪ ಎಷ್ಟು ಎಂದೆ, ಕ್ಲಬ್‌ಹೌಸ್ ತೋರಿಸಿದ. ಟೈಲ್ಸ್ ಅಡಿಯಲ್ಲಿ ಏನಿರುತ್ತದೆ ಎಂದೆ, ಇಟಲಿಯ ವಿನ್ಯಾಸ ಎಂದ. ಕೊನೆಗೆ ಮಾದರಿ ಮನೆಯೊಳಗೆ ಕರೆದುಕೊಂಡು ಹೋದ. ಪುಸ್ತಕವಿಲ್ಲದ ಕಪಾಟು, ಪ್ಲಾಸ್ಟಿಕ್ ಸೇಬು, ಅಂಗಾಂಗ ಸಡಿಲವಾಗುವಂತಹ ಹಾಸಿಗೆ. ‘ಎಷ್ಟು ಶಾಂತವಾಗಿದೆ ನೋಡಿ ಸರ್’ ಎಂದ. ನಿಜವಾಗಿಯೂ ಶಾಂತವಾಗಿತ್ತು.

‘ಇದರ ಮೇಲೆ ಏನಿದೆ?’ ಎಂದು ಕೇಳಿದೆ.

‘ಏನೂ ಇಲ್ಲ ಸರ್, ತಗಡಿನ ಶೀಟು. ಮಾರಾಟ ಮುಗಿದ ಮೇಲೆ ಇದನ್ನು ಕೆಡವುತ್ತಾರೆ.’

‘ಅಲ್ಲಿಯವರೆಗೆ ಬಾಡಿಗೆಗೆ ಕೊಡುತ್ತೀರಾ?’

ಹುಡುಗ ಒಂದು ಕ್ಷಣ ಯೋಚಿಸಿ, ಮ್ಯಾನೇಜರ್ ಅವರನ್ನು ಕೇಳಿ ಹೇಳುತ್ತೇನೆ ಎಂದ. ಆಮೇಲೆ ಏನೋ ನೆನಪಾದವನಂತೆ, ‘ಸರ್, ನೀವು ಫ್ಯಾಮಿಲಿಯವರೇ?’ ಎಂದ.