ಮೂವರಿಗೂ ಬಾಗಿಲು ತೆರೆದ ವಿಯೆಟ್ನಾಂ

ಅಮೆರಿಕವೋ ಚೀನಾವೋ, ಭಾರತ ಒಂದು ಪಕ್ಷ ಹಿಡಿಯಲೇಬೇಕು ಎಂದು ವಾದಿಸುವ ಲೇಖನವೊಂದನ್ನು ಓದಿದೆ. ಆ ವಾದವನ್ನು ನಾನು ಒಪ್ಪುವುದಿಲ್ಲ. ಒಬ್ಬನೇ ಗಿರಾಕಿಯನ್ನು ನಂಬಿ ಕುಳಿತರೆ ಏನಾಗುತ್ತದೆ ಎಂಬುದು ಮೂಡಿಗೆರೆಯ ಕಾಫಿ ಬೆಳೆಗಾರರಾದ ನಮಗೆ ಗೊತ್ತು. ಒಂದು ಕಾಲದಲ್ಲಿ ನಮ್ಮ ಕಾಫಿಯ ದೊಡ್ಡ ಪಾಲು ಸೋವಿಯತ್ ಒಕ್ಕೂಟಕ್ಕೆ ಹೋಗುತ್ತಿತ್ತು. 1991ರಲ್ಲಿ ಆ ದೇಶವೇ ಇಲ್ಲವಾಯಿತು. ಕಣದಲ್ಲಿ ಒಣಗಿದ ಕಾಫಿ ಚೆರ್ರಿಯನ್ನು ಬೊಗಸೆಯಲ್ಲಿ ಹಿಡಿದು ಅಪ್ಪ ಮಾತಿಲ್ಲದೆ ನಿಂತಿದ್ದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ರೊಬಸ್ಟಾ ತಳಿಯ ಕಾಫಿಯಲ್ಲಿ ನಮ್ಮ ಪ್ರತಿಸ್ಪರ್ಧಿಯಾದ ವಿಯೆಟ್ನಾಂ ಅನ್ನೇ ನೋಡಿ. 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಂದಿನ ಅಧ್ಯಕ್ಷ ಬೈಡನ್ ಅಲ್ಲಿಗೆ ಬಂದರು, ಡಿಸೆಂಬರ್‌ನಲ್ಲಿ ಚೀನಾದ ಷಿ ಜಿನ್‌ಪಿಂಗ್, ಮರುವರ್ಷ ಜೂನ್‌ನಲ್ಲಿ ರಷ್ಯಾದ ಪುಟಿನ್. ಮೂವರನ್ನೂ ರಾಜಧಾನಿ ಹನೋಯ್ ಆದರದಿಂದ ಬರಮಾಡಿಕೊಂಡಿತು. ಬಿದಿರಿನ ಬೇರು ಗಟ್ಟಿ, ಕೊಂಬೆ ಬಳುಕುವಂಥದ್ದು. ಅದಕ್ಕೇ ಅವರು ಇದನ್ನು ಬಿದಿರಿನ ರಾಜತಾಂತ್ರಿಕತೆ ಎನ್ನುತ್ತಾರೆ. ಹಾಗೆಂದು ಚೀನಾವೂ ತನ್ನದೆನ್ನುವ ದಕ್ಷಿಣ ಚೀನಾ ಸಮುದ್ರದ ದ್ವೀಪಗಳ ಮೇಲಿನ ಹಕ್ಕನ್ನೇನೂ ಅವರು ಬಿಟ್ಟುಕೊಟ್ಟಿಲ್ಲ.

ಯಾರ ಪಕ್ಷವನ್ನೂ ಹಿಡಿಯದ ಈ ದಾರಿಗೆ ಬೆಲೆ ತೆರಬೇಕು, ನಿಜ. ರಷ್ಯಾದ ತೈಲ ಕೊಂಡದ್ದಕ್ಕೆ 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಮೇಲೆ ಹೆಚ್ಚುವರಿ ಸುಂಕ ಹೇರಿ ಒಟ್ಟು ಶೇ 50ಕ್ಕೆ ಏರಿಸಿತು. ಇಟಲಿ, ಜರ್ಮನಿಯ ಗಿರಾಕಿಗಳಿದ್ದುದರಿಂದ ಕಾಫಿಯವರು ಉಸಿರಾಡಿದೆವು. ತಿರುಪ್ಪೂರಿನ ಬಟ್ಟೆಯವರಿಗೆ, ಆಂಧ್ರದ ಸೀಗಡಿಯವರಿಗೆ ಆ ಆಸರೆ ಅಷ್ಟಾಗಿ ಇರಲಿಲ್ಲ.