ಅಟೈನ್‌ಮೆಂಟ್ 2.4 ಬಂತು, ಕೆಮಿಸ್ಟ್ರಿ ಬಂತಾ?

ಡಿಗ್ರಿ ಕಾಲೇಜುಗಳಲ್ಲಿ ಸೆಮಿಸ್ಟರ್ ಮುಗಿದ ಕೂಡಲೇ ಒಂದು ಕೆಲಸ ಶುರುವಾಗುತ್ತದೆ. ಹೊರಗಿನವರಿಗೆ ಇದರ ಸುಳಿವೇ ಇರುವುದಿಲ್ಲ. ಮಕ್ಕಳು ಪರೀಕ್ಷೆ ಬರೆದು ಊರಿಗೆ ಹೋಗಿರುತ್ತಾರೆ. ಮೇಷ್ಟ್ರುಗಳು ಎಕ್ಸೆಲ್ ಶೀಟ್ ತೆಗೆದು ಕೂತಿರುತ್ತಾರೆ. ಅದರ ಹೆಸರು ಸಿಒ-ಪಿಒ ಅಟೈನ್‌ಮೆಂಟ್, ಅಂದರೆ ಕಲಿಕೆಯ ಗುರಿ ಎಷ್ಟು ತಲುಪಿತು ಅನ್ನುವ ಲೆಕ್ಕ.

ಕೆಮಿಸ್ಟ್ರಿಯ ಪ್ರತಿ ಪೇಪರ್‌ಗೂ ನಾಲ್ಕೈದು ಕೋರ್ಸ್ ಔಟ್‌ಕಮ್ (ಸಿಒ) ಬರೆದಿರುತ್ತೇವೆ. ಈ ಪೇಪರ್ ಓದಿದ ವಿದ್ಯಾರ್ಥಿಗೆ ಏನೇನು ಬರಬೇಕು ಅಂತ. ಮೂರು ವರ್ಷದ ಇಡೀ ಬಿ.ಎಸ್ಸಿ.ಗೆ ಪ್ರೋಗ್ರಾಂ ಔಟ್‌ಕಮ್ (ಪಿಒ) ಅಂತ ಇನ್ನೊಂದು ಪಟ್ಟಿ. ಎರಡನ್ನೂ ಅಡ್ಡ, ಉದ್ದ ಇಟ್ಟು ಒಂದು ಕೋಷ್ಟಕ ಮಾಡಬೇಕು. ಸಂಬಂಧ ಗಟ್ಟಿ ಇದ್ದರೆ 3, ಸುಮಾರಾಗಿದ್ದರೆ 2, ಇದೆಯೋ ಇಲ್ಲವೋ ಅನ್ನುವಂತಿದ್ದರೆ 1. ಎಲೆಕ್ಟ್ರಾನ್‌ಗಳ ವರ್ತನೆ ಹೇಳುವ ಶ್ರೋಡಿಂಗರ್ ಸಮೀಕರಣಕ್ಕೂ 'ನೈತಿಕ ಮೌಲ್ಯ'ಕ್ಕೂ ನಡುವೆ 1 ಹಾಕಿದ ಕೋಷ್ಟಕ ನೋಡಿದ್ದೇನೆ. ಯಾಕ್ರೀ ಅಂತ ಕೇಳಿದರೆ, "ಖಾಲಿ ಬಿಟ್ರೆ ಚೆನ್ನಾಗಿ ಕಾಣಲ್ಲ ಸರ್" ಎಂಬ ಉತ್ತರ ಬಂತು.

ಆಮೇಲೆ ಅಂಕಗಳ ಸರದಿ. ಒಂದು ಟಾರ್ಗೆಟ್ ಇಟ್ಟುಕೊಳ್ಳುತ್ತೇವೆ. 60 ಪರ್ಸೆಂಟ್ ಅಂದುಕೊಳ್ಳಿ. ತರಗತಿಯ 70 ಪರ್ಸೆಂಟ್ ಮಕ್ಕಳು ಅದನ್ನು ದಾಟಿದರೆ ಲೆವೆಲ್ 3, ಇನ್ನೂ ಕಡಿಮೆ ಜನ ದಾಟಿದರೆ 2 ಅಥವಾ 1. ಅದಕ್ಕೆ ಮಕ್ಕಳು ತುಂಬಿದ ಫೀಡ್‌ಬ್ಯಾಕ್ ಫಾರಂ ಸ್ವಲ್ಪ ಬೆರೆಸಿ, ಮೇಲಿನ ಕೋಷ್ಟಕದಿಂದ ಗುಣಿಸಿ, ಭಾಗಿಸಿ, ಕೊನೆಗೆ 3ಕ್ಕೆ 2.4 ಅಂತ ಒಂದು ಸಂಖ್ಯೆ ಬರುತ್ತದೆ. ಕಡಿಮೆ ಬಂದರೂ ಚಿಂತೆ ಇಲ್ಲ. ಮುಂದಿನ ವರ್ಷ ಟಾರ್ಗೆಟ್ ಇಳಿಸಿದರೆ ಅಟೈನ್‌ಮೆಂಟ್ ತಾನಾಗಿ ಏರುತ್ತದೆ!

ಹಾಗಂತ ಈ ವಿಚಾರವೇ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಮೊದಲು ಬಂದದ್ದು ಎಂಜಿನಿಯರಿಂಗ್ ಕಡೆ. 2014ರಲ್ಲಿ ಭಾರತ ವಾಷಿಂಗ್ಟನ್ ಅಕಾರ್ಡ್‌ನ (ಎಂಜಿನಿಯರಿಂಗ್ ಪದವಿಗಳಿಗೆ ದೇಶಗಳು ಪರಸ್ಪರ ಮಾನ್ಯತೆ ಕೊಡುವ ಒಪ್ಪಂದ) ಪೂರ್ಣ ಸದಸ್ಯ ಆದ ಮೇಲೆ ಅಲ್ಲಿ ಇದು ಜೋರಾಯಿತು. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕೆಮಿಸ್ಟ್ರಿಯಂಥ ಪದವಿಗಳಿಗೂ ಕಲಿಕೆಯ ಫಲಗಳನ್ನೇ ಆಧಾರ ಮಾಡಿಕೊಂಡ ಪಠ್ಯಕ್ರಮದ ಚೌಕಟ್ಟು ತಂದಿತು. ಕಾಲೇಜುಗಳ ಗುಣಮಟ್ಟ ಪರಿಶೀಲಿಸುವ ನ್ಯಾಕ್ ಸಂಸ್ಥೆಯ ಮಾನದಂಡಗಳಲ್ಲೂ ಇದಕ್ಕೆಂದೇ ಜಾಗ ಇದೆ. ಔಟ್‌ಕಮ್ ಬರೆದು ವೆಬ್‌ಸೈಟ್‌ನಲ್ಲಿ ಹಾಕಿದ್ದೀರಾ, ಅಳೆದಿದ್ದೀರಾ ಅಂತ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. "ಏನು ಪಾಠ ಮಾಡಿದಿರಿ" ಅನ್ನುವುದಕ್ಕಿಂತ "ಮಕ್ಕಳಿಗೆ ಏನು ಬಂತು" ಅನ್ನುವುದು ಎಷ್ಟೋ ಒಳ್ಳೆಯ ಪ್ರಶ್ನೆ. ನನ್ನ ತಕರಾರು ಒಂದೇ. ಆ ಪ್ರಶ್ನೆಗೆ ನಾವು ಕೊಡುತ್ತಿರುವ ಉತ್ತರ ಮಕ್ಕಳ ಬಗ್ಗೆ ಏನನ್ನೂ ಹೇಳುವುದಿಲ್ಲ, ನಮ್ಮ ಪ್ರಶ್ನೆಪತ್ರಿಕೆಯ ಬಗ್ಗೆ ಹೇಳುತ್ತದೆ.

ಅದು ಹೇಗೆ ಅಂದರೆ, ಔಟ್‌ಕಮ್‌ನಲ್ಲಿ "ವಿಶ್ಲೇಷಿಸಬಲ್ಲ", "ಅನ್ವಯಿಸಬಲ್ಲ" ಅಂತ ಬರೆದಿರುತ್ತೇವೆ. ಕಲಿಕೆಯ ಮಟ್ಟಗಳನ್ನು ವಿಂಗಡಿಸುವ ಬ್ಲೂಮ್ಸ್ ಟ್ಯಾಕ್ಸಾನಮಿಯ ಕ್ರಿಯಾಪದಗಳ ಪಟ್ಟಿ ಎಲ್ಲರ ಫೋನ್‌ನಲ್ಲೂ ಇದೆ. ಆದರೆ ಪರೀಕ್ಷೆಯಲ್ಲಿ ಬರುವುದು "ಆರ್ರೀನಿಯಸ್ ಸಮೀಕರಣ ಬರೆದು ಪದಗಳನ್ನು ವಿವರಿಸಿ", "ಎಸ್‌ಎನ್1 ಕ್ರಿಯಾವಿಧಾನ ವಿವರಿಸಿ". ಐದು ವರ್ಷದ ಹಳೆ ಪತ್ರಿಕೆ ತಿರುವಿದವನಿಗೆ ಅಷ್ಟೂ ಗೊತ್ತು. ಅವನು 60 ದಾಟುತ್ತಾನೆ. ನಾವು ಎಕ್ಸೆಲ್‌ನಲ್ಲಿ "ವಿಶ್ಲೇಷಿಸಬಲ್ಲ: ಲೆವೆಲ್ 3" ಅಂತ ತುಂಬುತ್ತೇವೆ. ಅವನು ವಿಶ್ಲೇಷಣೆ ಮಾಡಿದ್ದನ್ನು ನೋಡಿದವರು ಯಾರೂ ಇಲ್ಲ.

ಲೆಕ್ಕ ಬಂದರೆ ವಿಷಯ ಬಂದ ಹಾಗಲ್ಲ ಅನ್ನುವುದು ಕೆಮಿಸ್ಟ್ರಿಯಲ್ಲಿ ಹಳೆಯ ಸಂಗತಿ. 1987ರಲ್ಲಿ ಅಮೆರಿಕದಲ್ಲಿ ನುರೆನ್‌ಬರ್ನ್ ಮತ್ತು ಪಿಕರಿಂಗ್ ಎಂಬ ಇಬ್ಬರು ಇದನ್ನು ಚೆನ್ನಾಗಿ ತೋರಿಸಿದರು. ಅವರ ಒಂದು ಪ್ರಶ್ನೆ ನನಗೆ ತುಂಬಾ ಇಷ್ಟ. ಒಂದು ಉಕ್ಕಿನ ಟ್ಯಾಂಕ್. ಒಳಗೆ 20 ಡಿಗ್ರಿಯಲ್ಲಿ ಹೈಡ್ರೋಜನ್ ಅನಿಲ. ಅಣುಗಳು ಚುಕ್ಕಿಗಳಾಗಿ ಎಲ್ಲೆಡೆ ಹರಡಿರುವ ಚಿತ್ರ. ಈಗ ಅದನ್ನು ಮೈನಸ್ 20 ಡಿಗ್ರಿಗೆ ತಂಪು ಮಾಡಿದರೆ ಚಿತ್ರ ಹೇಗಿರುತ್ತದೆ? ಉತ್ತರ: ಮೊದಲಿನ ಹಾಗೇ, ಟ್ಯಾಂಕ್ ತುಂಬಾ ಹರಡಿಕೊಂಡೇ ಇರುತ್ತದೆ. ಹೈಡ್ರೋಜನ್ ದ್ರವ ಆಗಬೇಕಾದರೆ ಮೈನಸ್ 253ರ ಹತ್ತಿರ ಹೋಗಬೇಕು. ಅನಿಲ ನಿಯಮದ ಲೆಕ್ಕ ಸರಿಯಾಗಿ ಮಾಡಿದ ಎಷ್ಟೋ ಮಕ್ಕಳು ಈ ಚಿತ್ರದಲ್ಲಿ ಎಡವಿದರು.

ನಿಮ್ಮ ಬಿ.ಎಸ್ಸಿ. ಮೊದಲ ವರ್ಷದ ತರಗತಿಯಲ್ಲಿ ಇದನ್ನು ಕೇಳಿ ನೋಡಿ. ಚುಕ್ಕಿಗಳೆಲ್ಲ ಟ್ಯಾಂಕಿನ ತಳಕ್ಕೆ ಬಂದು ಕೂರುತ್ತವೆ. ಕುದಿಯುವ ನೀರಿನ ಗುಳ್ಳೆಯಲ್ಲಿ ಏನಿದೆ ಅಂತಲೂ ಕೇಳಿ. "ಹೈಡ್ರೋಜನ್ನು, ಆಕ್ಸಿಜನ್ನು" ಅನ್ನುವವರು ಖಂಡಿತಾ ಸಿಗುತ್ತಾರೆ. ಅದು ನೀರಿನ ಆವಿ ಅಷ್ಟೇ. ಮಕ್ಕಳನ್ನು ನೋಡಿ ನಗಬೇಡಿ. ಪರ್ಡ್ಯೂ ವಿಶ್ವವಿದ್ಯಾಲಯದ ಬೋಡ್ನರ್ ಇದೇ ಪ್ರಶ್ನೆಯನ್ನು ಪದವಿ ಮುಗಿಸಿ ಮುಂದಿನ ಓದಿಗೆ ಬಂದವರಿಗೆ ಕೇಳಿದಾಗ ಅವರಲ್ಲೂ ತಪ್ಪು ಹೇಳಿದವರಿದ್ದರು.

ಇಂಥ ಒಂದು ಪ್ರಶ್ನೆಗೆ ಎರಡು ನಿಮಿಷ ಸಾಕು. ಸೆಮಿಸ್ಟರ್ ಶುರುವಿನಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಕೇಳಿದರೆ ಪಾಠದಿಂದ ಏನಾದರೂ ಬದಲಾಯಿತಾ ಅಂತ ಗೊತ್ತಾಗುತ್ತದೆ. ಅದಕ್ಕೆ ಅಂಕ ಕೊಡುವುದೂ ಬೇಡ. ಅಂಕ ಅಂದ ತಕ್ಷಣ ಅದಕ್ಕೂ ಗೈಡ್ ಬರುತ್ತದೆ.

ಆದರೆ ನನಗೆ ಹೆಚ್ಚು ಸಂಕಟ ಆಗುವುದು ಪ್ರಾಕ್ಟಿಕಲ್ ವಿಚಾರದಲ್ಲಿ. ಹುಡುಗನಿಗೆ ಕೆಮಿಸ್ಟ್ರಿ ಬರುತ್ತದೋ ಇಲ್ಲವೋ ಅಂತ ಕಣ್ಣಾರೆ ನೋಡಲು ಸಿಗುವ ಜಾಗ ಲ್ಯಾಬ್. ಬೇರೆ ಎಷ್ಟೋ ವಿಷಯದವರಿಗೆ ಈ ಭಾಗ್ಯ ಇಲ್ಲ. ನಾವು ಅದನ್ನು ರೆಕಾರ್ಡ್ ಬುಕ್ಕಿಗೆ ಸಹಿ ಹಾಕುವ ಜಾಗ ಮಾಡಿಕೊಂಡಿದ್ದೇವೆ. ಎಲ್ಲರ ಬ್ಯೂರೆಟ್‌ಗೂ (ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಅಳೆಯುವ ಗಾಜಿನ ಕೊಳವೆ) ಒಂದೇ ಸ್ಟಾಕ್ ಬಾಟಲಿಯ ದ್ರಾವಣ. ಎಲ್ಲರಿಗೂ ಅದೇ ಸಾಲ್ಟ್. ಮೊದಲ ಹುಡುಗಿಯ ರೀಡಿಂಗ್ 24.8 ಎಂಎಲ್ ಬಂದರೆ ಅರ್ಧ ಗಂಟೆಯಲ್ಲಿ ಇಡೀ ಬ್ಯಾಚಿಗೆ 24.8. ಕೊನೆ ಬೆಂಚಿನ ಹುಡುಗ ಒಂದೇ ಸಲ ಟೈಟ್ರೇಷನ್ (ಒಂದು ದ್ರಾವಣಕ್ಕೆ ಇನ್ನೊಂದು ಎಷ್ಟು ಬೇಕಾಯಿತು ಎಂದು ನೋಡಿ ಸಾಂದ್ರತೆ ಕಂಡುಹಿಡಿಯುವ ಪ್ರಯೋಗ) ಮಾಡಿ ಮೂರು ರೀಡಿಂಗ್ ಬರೆದಿರುತ್ತಾನೆ. ಅದೂ ನಂಬುವ ಹಾಗೆ: 24.8, 24.7, 24.8. ಈ ಜಾಣತನಕ್ಕೆ ಯಾವ ಸಿಒ ಹಾಕೋಣ?

ಮೌಲ್ಯಮಾಪನದ ಸ್ಕೀಮ್‌ನಲ್ಲಿ ನಿಖರತೆಗೆ ಅಂಕ ಇದ್ದೇ ಇರುತ್ತದೆ. ಎಲ್ಲರಿಗೂ ಒಂದೇ ದ್ರಾವಣ ಕೊಟ್ಟರೆ ಆ ಅಂಕಕ್ಕೆ ಅರ್ಥ ಉಳಿಯುವುದಿಲ್ಲ. ಇದನ್ನು ಸರಿಮಾಡಲು ಕಾಸು ಬೇಕಿಲ್ಲ. ಅಳೆಯಬೇಕಾದ ದ್ರಾವಣವನ್ನು ಮೂರು ಸಾಂದ್ರತೆಯಲ್ಲಿ ಮಾಡಿಡಿ: 0.09, 0.10, 0.11. ಬಾಟಲಿಗೆ ನಂಬರ್ ಅಂಟಿಸಿ, ಕಲಸಿ ಹಂಚಿ. ಯಾವುದರಲ್ಲಿ ಏನಿದೆ ಅನ್ನುವುದು ನಿಮ್ಮ ಚೀಟಿಯಲ್ಲಿ ಮಾತ್ರ ಇರಲಿ. ಪಿಪೆಟ್ ಎಂಬ ಅಳತೆಯ ಕೊಳವೆಯಲ್ಲಿ 25 ಎಂಎಲ್ ತೆಗೆದು 0.10ರ ದ್ರಾವಣದ ಎದುರು ಟೈಟ್ರೇಟ್ ಮಾಡಿದರೆ ರೀಡಿಂಗ್ 22.5, 25, 27.5ರ ಸುತ್ತ ಬರುತ್ತದೆ. ಬೇರೆ ಸಾಂದ್ರತೆ ಸಿಕ್ಕಿದ ಪಕ್ಕದವನದ್ದು ಬರೆದರೆ ಕನಿಷ್ಠ ಎರಡೂವರೆ ಎಂಎಲ್ ವ್ಯತ್ಯಾಸದಲ್ಲಿ ಸಿಕ್ಕಿಬೀಳುತ್ತಾನೆ. ಆಗ ಮಕ್ಕಳು ಬ್ಯೂರೆಟ್ ತೊಳೆಯುವುದನ್ನು, ಪಿಪೆಟ್ ಹಿಡಿಯುವುದನ್ನು ನೋಡಬೇಕು ನೀವು. ಕೈಗೆ ಒಂದು ಎಚ್ಚರ ಬಂದಿರುತ್ತದೆ.

ಇನ್ನು ವೈವಾ, ಅಂದರೆ ಮೌಖಿಕ ಪರೀಕ್ಷೆ. ಎಕ್ಸ್‌ಟರ್ನಲ್ (ಹೊರಗಿನ ಪರೀಕ್ಷಕರು) ಬರುತ್ತಾರೆ, ಮೂರು ಪ್ರಶ್ನೆ ಕೇಳುತ್ತಾರೆ, ಕಾಫಿ ಬರುತ್ತದೆ. ಮೋಹರ್ ಸಾಲ್ಟ್ (ಕಬ್ಬಿಣದ ಒಂದು ಲವಣ) ಮತ್ತು ಬ್ಯೂರೆಟ್‌ನಲ್ಲಿ ಹಾಕುವ ಪರ್ಮ್ಯಾಂಗನೇಟ್‌ನ ಟೈಟ್ರೇಷನ್‌ಗೆ ಕಾಯಂ ಪ್ರಶ್ನೆ ಒಂದಿದೆ. ಯಾಕೆ ಸಲ್ಫ್ಯೂರಿಕ್ ಆಸಿಡ್ಡೇ ಹಾಕಬೇಕು, ಎಚ್‌ಸಿಎಲ್ (ಹೈಡ್ರೋಕ್ಲೋರಿಕ್ ಆಸಿಡ್) ಯಾಕೆ ಬೇಡ? ಉತ್ತರವೂ ಕಾಯಂ. ಪರ್ಮ್ಯಾಂಗನೇಟ್ ಕ್ಲೋರೈಡನ್ನು ಕ್ಲೋರಿನ್ ಮಾಡಿಬಿಡುತ್ತದೆ. ಇಷ್ಟು ಕೇಳಿ "ಗುಡ್" ಅಂದು ಮುಂದೆ ಹೋಗಬೇಡಿ. ಇನ್ನೊಂದು ಹೆಜ್ಜೆ ಇಡಿ.

"ಸರಿಯಮ್ಮ. ಮರೆತು ಎಚ್‌ಸಿಎಲ್ ಹಾಕಿದೆ ಅಂದುಕೋ. ರೀಡಿಂಗ್ ಜಾಸ್ತಿ ಬರುತ್ತಾ, ಕಡಿಮೆ ಬರುತ್ತಾ?"

ಇಲ್ಲಿ ಒಂದು ಮೌನ. ಗೈಡಿನಲ್ಲಿ ಇದು ಇಲ್ಲ. ಸ್ವಲ್ಪ ಹೊತ್ತು ಬಿಡಿ. ಆಮೇಲೆ ಇನ್ನೊಂದು ಮಾತು ಹೇಳಿ: "ಕನ್ನಡದಲ್ಲೇ ಹೇಳು, ಪರವಾಗಿಲ್ಲ."

"ಸರ್, ಕ್ಲೋರೈಡೂ ಸ್ವಲ್ಪ ಪರ್ಮ್ಯಾಂಗನೇಟ್ ತಗೊಂಡ್‌ಬಿಡುತ್ತಲ್ಲ... ಹಂಗಾದ್ರೆ ಜಾಸ್ತಿ ಬರುತ್ತೆ ಸರ್."

"ನೈಟ್ರಿಕ್ ಹಾಕಿದ್ರೆ?"

"ಅದು ಕಬ್ಬಿಣನ ಅದೇ ಆಕ್ಸಿಡೈಸ್ ಮಾಡ್‌ಬಿಡುತ್ತೆ. ಪರ್ಮ್ಯಾಂಗನೇಟ್‌ಗೆ ಕೆಲಸ ಕಮ್ಮಿ. ಕಡಿಮೆ ಬರುತ್ತೆ ಸರ್."

ಈ ಹುಡುಗಿಗೆ ರೆಡಾಕ್ಸ್, ಅಂದರೆ ಎಲೆಕ್ಟ್ರಾನ್ ಕೊಟ್ಟು ತೆಗೆದುಕೊಳ್ಳುವ ಕ್ರಿಯೆ, ಬಂದಿದೆ. ಥಿಯರಿಯಲ್ಲಿ ಅವಳಿಗೆ 48 ಬಂದಿರಬಹುದು. ಪಿಯುಸಿವರೆಗೆ ಕನ್ನಡ ವಿವರಣೆಯಲ್ಲಿ ಕಲಿತು, ಡಿಗ್ರಿಯಲ್ಲಿ ಇಂಗ್ಲಿಷ್‌ನಲ್ಲಿ ಪುಟಗಟ್ಟಲೆ ಬರೆಯಬೇಕಾದ ಮಕ್ಕಳಲ್ಲಿ ಇಂಥವರು ಬಹಳ. ನಮ್ಮ 2.4ರ ಲೆಕ್ಕದಲ್ಲಿ ಇವಳು 'ಟಾರ್ಗೆಟ್ ತಲುಪದವಳು'. ವ್ಯಾಖ್ಯೆಯನ್ನು ಅಕ್ಷರ ಬಿಡದೆ ಬರೆದು, ಈ ಪ್ರಶ್ನೆಗೆ ಮಾತ್ರ ಬೆಬ್ಬೆಬ್ಬೆ ಅಂದವನು ತಲುಪಿದವನು. ಇಂಗ್ಲಿಷ್ ಪರೀಕ್ಷೆ ಮಾಡಿ ಕೆಮಿಸ್ಟ್ರಿ ಅಂಕ ಕೊಟ್ಟಂತಾಗುವುದಿಲ್ಲವೇ? ಹಾಗಂತ ಇಂಗ್ಲಿಷ್ ಬೇಡ ಅಂತಲ್ಲ. ಎಂ.ಎಸ್ಸಿ.ಗೂ ಬೇಕು, ಪೀಣ್ಯದ ಯಾವುದೋ ಫಾರ್ಮಾ ಕಂಪನಿಯ ಕ್ಯೂಸಿ (ಗುಣಮಟ್ಟ ಪರೀಕ್ಷಿಸುವ) ಲ್ಯಾಬಿಗೂ ಬೇಕು. ಅದನ್ನು ಬೇರೆಯಾಗಿ ಕಲಿಸೋಣ, ಬೇರೆಯಾಗಿ ಅಳೆಯೋಣ.

ಇಂಥ ಪ್ರಶ್ನೆಗಳು ಪ್ರತಿ ಪ್ರಯೋಗಕ್ಕೂ ಸಿಗುತ್ತವೆ. ಅಳೆಯಬೇಕಾದ ದ್ರಾವಣ ಹಾಕುವ ಕಾನಿಕಲ್ ಫ್ಲಾಸ್ಕ್ ಒದ್ದೆ ಇದ್ದರೆ ಫಲಿತಾಂಶ ಕೆಡುತ್ತಾ? ಇಲ್ಲ, ಒಳಗೆ ಬಿದ್ದ ಆಸಿಡ್ಡಿನ ಪ್ರಮಾಣ (ಮೋಲ್‌ಗಳು) ಅಷ್ಟೇ ಇರುತ್ತದೆ. ಬ್ಯೂರೆಟ್ ಒದ್ದೆ ಇದ್ದರೆ? ಕೆಡುತ್ತದೆ, ದ್ರಾವಣ ತೆಳುವಾಗಿ ರೀಡಿಂಗ್ ಏರುತ್ತದೆ. ಎರಡೂ ನೀರೇ, ಒಂದು ಕೆಡಿಸುತ್ತದೆ, ಇನ್ನೊಂದು ಇಲ್ಲ. ಇದನ್ನು ಬಿಡಿಸಿ ಹೇಳಬಲ್ಲ ವಿದ್ಯಾರ್ಥಿಗೆ ನಾನು ಕಣ್ಣು ಮುಚ್ಚಿ ಲೆವೆಲ್ 3 ಹಾಕುತ್ತೇನೆ.

ಇಷ್ಟು ಬರೆದ ಮೇಲೆ ಸ್ಟಾಫ್ ರೂಮಿನಿಂದ ಬರುವ ಮಾತೂ ನನಗೆ ಗೊತ್ತು. "ಟೈಮ್ ಎಲ್ಲಿದೆ ಸರ್?" ನಿಜ. ಸರ್ಕಾರಿ ಡಿಗ್ರಿ ಕಾಲೇಜುಗಳಲ್ಲಿ ಲ್ಯಾಬ್ ನಡೆಸುವವರಲ್ಲಿ ಅತಿಥಿ ಉಪನ್ಯಾಸಕರೇ ಜಾಸ್ತಿ. ಮುಂದಿನ ವರ್ಷ ತಾವು ಅದೇ ಕಾಲೇಜಿನಲ್ಲಿ ಇರುತ್ತೇವೋ ಇಲ್ಲವೋ ಅವರಿಗೇ ಗೊತ್ತಿರುವುದಿಲ್ಲ. ಅವರನ್ನು ಕೂರಿಸಿ ಮೂರು ವರ್ಷದ ಔಟ್‌ಕಮ್ ಟ್ರ್ಯಾಕ್ ಮಾಡಿ ಅನ್ನುವುದು ಅನ್ಯಾಯ. ಅದರ ಮೇಲೆ ಪಠ್ಯಕ್ರಮವೂ ನಿಲ್ಲಲಿಲ್ಲ. 2021ರಲ್ಲಿ ಕರ್ನಾಟಕಕ್ಕೆ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂತು, ನಾಲ್ಕು ವರ್ಷದ ಆನರ್ಸ್ ಬಂತು. 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿ. ಒಂದೇ ಕಾಲೇಜಿನಲ್ಲಿ ಸೀನಿಯರ್‌ಗಳದ್ದು ಒಂದು ಸಿಲಬಸ್, ಜೂನಿಯರ್‌ಗಳದ್ದು ಇನ್ನೊಂದು ಆಯಿತು. ಆದರೂ "ಹೋದ ವರ್ಷಕ್ಕಿಂತ ಅಟೈನ್‌ಮೆಂಟ್ ಏರಿದೆ" ಅಂತ ಗ್ರಾಫ್ ಹಾಕಿ ತೋರಿಸುತ್ತೇವೆ. ಯಾವುದನ್ನು ಯಾವುದರ ಜೊತೆ ಹೋಲಿಸಿದ್ದು ಅಂತ ಯಾರೂ ಕೇಳುವುದಿಲ್ಲ.

ಆದರೆ ಎಕ್ಸೆಲ್ ತುಂಬಲು ಹೋಗುವ ಸಮಯ ಎಲ್ಲಿಂದ ಬಂತು? ಅದರಲ್ಲಿ ಸ್ವಲ್ಪ ಇತ್ತ ತಿರುಗಿಸಿದರೂ ಸಾಕು. ಐದು ಔಟ್‌ಕಮ್ ಬದಲು ಎರಡು ಇಟ್ಟುಕೊಳ್ಳಿ. "ಗೊತ್ತಿಲ್ಲದ ದ್ರಾವಣದ ಸಾಂದ್ರತೆಯನ್ನು 1 ಪರ್ಸೆಂಟ್ ಒಳಗಿನ ತಪ್ಪಿನಲ್ಲಿ ಕಂಡುಹಿಡಿಯುತ್ತಾರೆ." "ಪ್ರಯೋಗದಲ್ಲಿ ತಪ್ಪಾದರೆ ಫಲಿತಾಂಶ ಯಾವ ಕಡೆ ವಾಲುತ್ತದೆ ಎಂದು ಕಾರಣ ಸಮೇತ ಹೇಳುತ್ತಾರೆ." ಇವೆರಡನ್ನೂ ಕಣ್ಣಿಂದ ನೋಡಬಹುದು, ಕಿವಿಯಿಂದ ಕೇಳಬಹುದು. ನ್ಯಾಕ್ ತಂಡ ಬಂದರೆ ನಂಬರ್ ಹಾಕಿದ ಬಾಟಲಿ ಮತ್ತು ಮಕ್ಕಳ ರೀಡಿಂಗ್ ಎರಡನ್ನೂ ಮುಂದಿಡಬಹುದು. 40 ಮಕ್ಕಳಲ್ಲಿ 22 ಜನರಿಗೆ ಮಾತ್ರ ಬಂದಿದೆ ಅಂತ ಬರೆಯಲು ಹೆದರಬೇಕಿಲ್ಲ. ಉಳಿದ 18 ಮಂದಿ ಪಿಪೆಟ್‌ನಲ್ಲಿ ಎಡವಿದರಾ, ಎಂಡ್ ಪಾಯಿಂಟ್ (ಬಣ್ಣ ಬದಲಾಗಿ ನಿಲ್ಲಿಸಬೇಕಾದ ಹಂತ) ದಾಟಿ ಹೋದರಾ, ಲೆಕ್ಕದಲ್ಲಿ ತಪ್ಪಿದರಾ ಅಂತ ಅವರ ರೀಡಿಂಗ್ ನೋಡಿದರೆ ಗೊತ್ತಾಗುತ್ತದೆ. ಮುಂದಿನ ವಾರದ ಲ್ಯಾಬ್ ಅಲ್ಲಿಂದಲೇ ಶುರು ಮಾಡಬಹುದು.

ಬೇರೆ ಕಾಲೇಜಿನ ಕೆಮಿಸ್ಟ್ರಿ ಮೇಷ್ಟ್ರು, ಮೇಡಂಗಳು ಇದನ್ನು ಓದುತ್ತಿದ್ದರೆ ಒಂದು ವಿನಂತಿ. "ತಪ್ಪಾದರೆ ರೀಡಿಂಗ್ ಏರುತ್ತಾ, ಇಳಿಯುತ್ತಾ" ಅನ್ನುವಂಥ ವೈವಾ ಪ್ರಶ್ನೆಗಳು ನಿಮ್ಮ ಹತ್ತಿರ ಇದ್ದರೆ ಕೆಳಗೆ ಬರೆಯಿರಿ. ಇನಾರ್ಗ್ಯಾನಿಕ್ ಕಡೆಯವು ನನ್ನಲ್ಲಿ ಸಾಕಷ್ಟಿವೆ. ಆರ್ಗ್ಯಾನಿಕ್ ಪ್ರಿಪರೇಷನ್‌ಗೆ ಮಾತ್ರ "ಈಲ್ಡ್ (ಸಿಕ್ಕ ಉತ್ಪನ್ನ) ಯಾಕೆ ಕಡಿಮೆ ಬಂತು" ಅನ್ನುವುದನ್ನು ಬಿಟ್ಟು ಬೇರೇನೂ ಹೊಳೆಯುತ್ತಿಲ್ಲ.