ಕಣ್ಣಿಗೆ ಕಾಣದ ಏರು

"ರೈಲು ಓಡಿದ ದಾರಿ ಕಣೇ. ಅದರಲ್ಲಿ ಏರು ಎಲ್ಲಿಂದ ಬರಬೇಕು?"

ಈ ಒಂದೇ ಮಾತಿನಿಂದ ನನ್ನ ಹೆಂಡತಿಯನ್ನು 46 ಕಿಲೋಮೀಟರ್ ಸೈಕಲ್ ಸವಾರಿಗೆ ಒಪ್ಪಿಸಿದ್ದೆ. ಐರ್ಲೆಂಡಿನ ವಾಟರ್‌ಫೋರ್ಡ್‌ನಿಂದ ಡಂಗಾರ್ವನ್‌ವರೆಗೆ ಹಳೆಯ ರೈಲುಮಾರ್ಗವೊಂದಿದೆ. 1878ರಲ್ಲಿ ಶುರುವಾಗಿತ್ತು. 1967ರಲ್ಲಿ ಪ್ರಯಾಣಿಕರ ರೈಲು ನಿಂತಿತು. ಆಮೇಲೆ ಪೊದೆಗಳ ಪಾಲಾಗಿದ್ದ ದಾರಿಯನ್ನು 2017ರಲ್ಲಿ ಡಾಂಬರು ಹಾಕಿ ಸೈಕಲ್‌ನವರಿಗೂ ನಡೆಯುವವರಿಗೂ ಬಿಟ್ಟುಕೊಟ್ಟರು. ಅಲ್ಲಿನವರು ಗ್ರೀನ್‌ವೇ ಅನ್ನುತ್ತಾರೆ. ಕಾರಿಲ್ಲ, ಲಾರಿಯಿಲ್ಲ, ಹಾರ್ನ್ ಮೊದಲೇ ಇಲ್ಲ.

ಮೊದಲ ಒಂದು ಗಂಟೆ ನಾನು ಹೇಳಿದ್ದೆಲ್ಲ ನಿಜವಾಗಿತ್ತು. ಒಂದು ಕಡೆ ಶೂರ್ ನದಿ, ಪಕ್ಕದಲ್ಲೇ ಪ್ರವಾಸಿಗರ ಪುಟಾಣಿ ರೈಲಿನ ಹಳಿ. ನಾನು ಒಂದು ಕೈ ಬಿಟ್ಟು ಸೈಕಲ್ ಹೊಡೆದೆ. ಹೆಂಡತಿ ನೋಡಲಿಲ್ಲ. ಗಂಟೆ ಬಾರಿಸಿ ತೋರಿಸಿದೆ.

ಕಿಲ್ಮೀಡನ್ ದಾಟಿದ ಮೇಲೆ ನನ್ನ ಸೈಕಲ್ ಕೆಟ್ಟಿತು.

ಅಂದರೆ, ಕೆಟ್ಟಿದೆ ಅಂತ ನನಗೆ ಖಾತ್ರಿಯಾಯಿತು. ರಸ್ತೆ ಮೇಜಿನ ಹಾಗೆ ಮಟ್ಟಸವಾಗಿದೆ, ಪೆಡಲ್ ಮಾತ್ರ ಮಣ್ಣು ಅಗೆದಷ್ಟು ಭಾರ. ಬ್ರೇಕ್ ಚಕ್ರಕ್ಕೆ ಉಜ್ಜುತ್ತಿರಬೇಕು. ಇಳಿದು ಚಕ್ರ ಎತ್ತಿ ತಿರುಗಿಸಿದೆ. ಬುಗುರಿಯಂತೆ ತಿರುಗಿತು. ಹಾಗಾದರೆ ಗಾಳಿ ಕಡಿಮೆ. ಟೈರ್ ಒತ್ತಿದೆ, ಕಲ್ಲು. ಚೈನ್ ನೋಡಿದೆ. ಚೈನ್ ನೋಡಿದರೆ ನನಗೆ ಏನೂ ಗೊತ್ತಾಗುವುದಿಲ್ಲ, ಆದರೂ ನೋಡಿದೆ. ಕೈಗೆ ಮಸಿ ಆಯಿತು. ಹಣೆ ಒರೆಸಿಕೊಂಡೆ, ಹಣೆಗೂ ಆಯಿತು. ಬಾಡಿಗೆ ಸೈಕಲ್ ಅಂದ್ರೆ ಇಷ್ಟೇ ಅಲ್ವಾ, ಅಂತ ಅಂಗಡಿಯವನನ್ನು ಬಯ್ದೆ.

ಮೂರನೇ ಸಲ ಇಳಿದಾಗ ಖಾಲಿ ಸ್ಟೀಲ್ ಬಾಟಲಿ ಕೈಜಾರಿ ಕೆಳಗೆ ಬಿತ್ತು. ಬಿದ್ದದ್ದು ಸುಮ್ನೆ ಇರಲಿಲ್ಲ. ಒಂದು ಕ್ಷಣ ಯೋಚಿಸಿತು. ಆಮೇಲೆ ನಿಧಾನಕ್ಕೆ, ಯಾವ ಅವಸರವೂ ಇಲ್ಲದೆ, ಬಂದ ದಾರಿಯಲ್ಲೇ ವಾಟರ್‌ಫೋರ್ಡ್ ಕಡೆಗೆ ಉರುಳತೊಡಗಿತು.

ಹೆಂಡತಿ ಬಾಟಲಿಯನ್ನು ನೋಡಿದಳು. ನನ್ನನ್ನು ನೋಡಿದಳು. "ಬಾಟಲಿಯ ಬ್ರೇಕ್ ಸರಿಯಾಗಿದೆಯಾ ನೋಡಿ" ಅಂದಳು.

ಅವಳು ವಿಜ್ಞಾನ ಕಲಿಸುವವಳು. ವಿವರಣೆ ತಪ್ಪಿಸಿಕೊಳ್ಳಲು ಓಡಿಹೋಗುವ ಶಕ್ತಿ ನನ್ನಲ್ಲಿರಲಿಲ್ಲ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ, ಹಿಡಿತ ಕಡಿಮೆ. ಏರು ಜಾಸ್ತಿಯಾದರೆ ಎಂಜಿನ್ ನಿಂತಲ್ಲೇ ಚಕ್ರ ತಿರುಗಿಸುತ್ತದೆ. ಅದಕ್ಕೇ ರೈಲಿನವರು ಗುಡ್ಡ ಸೀಳುತ್ತಾರೆ, ತಗ್ಗಿಗೆ ಮಣ್ಣು ತುಂಬುತ್ತಾರೆ, ಕಣಿವೆಗೆ ಸೇತುವೆ ಕಟ್ಟುತ್ತಾರೆ. ಏರು ಮಾಯವಾಗುವುದಿಲ್ಲ. ಲಟ್ಟಣಿಗೆಗೆ ಸಿಕ್ಕ ಹಿಟ್ಟಿನ ಹಾಗೆ ತೆಳ್ಳಗೆ, ಉದ್ದಕ್ಕೆ ಹರಡಿಕೊಳ್ಳುತ್ತದೆ. ನೂರು ಅಡಿಗೆ ಒಂದೇ ಅಡಿ ಅಂದುಕೊಳ್ಳಿ. ಕಣ್ಣಿಗೆ ಅದು ಕಾಣುವುದೇ ಇಲ್ಲ. ಆದರೆ ಹತ್ತು ಕಿಲೋಮೀಟರ್ ಹಾಗೆ ಹೋದರೆ ನೂರು ಮೀಟರ್ ಮೇಲೇರಿರುತ್ತೀರಿ. ಲಿಫ್ಟ್ ಕೆಟ್ಟಿರುವ ಮೂವತ್ತು ಮಹಡಿಯ ಕಟ್ಟಡವನ್ನು ಸೈಕಲ್ ಸಮೇತ ಹತ್ತಿದ ಹಾಗೆ.

ಘಾಟಿ ರಸ್ತೆಯಾಗಿದ್ದರೆ ಒಂದು ಮರ್ಯಾದೆ ಇರುತ್ತದೆ. ಎದುರಿಗೆ ಗೋಡೆಯಂತೆ ಏರು ನಿಂತಿರುತ್ತದೆ, ಇಳಿದು ತಳ್ಳಿದರೆ ಯಾರೂ ಏನೂ ಅನ್ನುವುದಿಲ್ಲ. ಮಟ್ಟಸ ರಸ್ತೆಯಲ್ಲಿ ಗಟ್ಟಿಮುಟ್ಟಾದ ಗಂಡಸೊಬ್ಬ, ಹಣೆಗೆ ಮಸಿ ಬಳಿದುಕೊಂಡು, ಏದುಸಿರು ಬಿಡುತ್ತಾ, ಸರಿಯಾಗಿರುವ ಸೈಕಲ್ ತಳ್ಳಿಕೊಂಡು ಹೋದರೆ ಜನ ನಿಂತು ಕೇಳುತ್ತಾರೆ. ನಾಲ್ಕು ಜನ ಕೇಳಿದರು. ಒಬ್ಬರು ಪಂಪ್ ಕೊಡಲಾ ಅಂದರು. ಬೇಡ ಅನ್ನಲು ಮನಸ್ಸಾಗದೆ, ತುಂಬಿದ ಟೈರ್‌ಗೇ ಮತ್ತೆ ಗಾಳಿ ಹೊಡೆದೆ.

ಹಿಂದಿನಿಂದ ಅಜ್ಜಿಯೊಬ್ಬರು ಗಂಟೆ ಬಾರಿಸಿ ದಾಟಿ ಹೋದರು. ಬ್ಯಾಟರಿ ಸೈಕಲ್! ಮನಸ್ಸಿಗೆ ಸಮಾಧಾನವಾಯಿತು. ಅವರ ಹಿಂದೆಯೇ ಮೊಮ್ಮಗಳು ಹೋದಳು. ಅವಳದ್ದಕ್ಕೆ ಬ್ಯಾಟರಿ ಇರಲಿಲ್ಲ. ಹ್ಯಾಂಡಲ್‌ಗೆ ಗುಲಾಬಿ ಬಣ್ಣದ ಕುಚ್ಚು ಮಾತ್ರ ಇತ್ತು.

ಕಿಲ್ಮ್ಯಾಕ್‌ಥಾಮಸ್‌ನ ಎಂಟು ಕಮಾನಿನ ಸೇತುವೆಯ ಮೇಲೆ ಜನ ಫೋಟೋ ತೆಗೆಯಲು ನಿಲ್ಲುತ್ತಾರೆ. ನಾನು ಬರೀ ನಿಂತೆ.

ಡರೋ ಸುರಂಗ ಸುಮಾರು 400 ಮೀಟರ್ ಉದ್ದ. ಬಾಯಿಯ ಬಳಿ ಕಲ್ಲಿನ ಗೋಡೆ ತುಂಬ ಜರಿಗಿಡಗಳು, ಒಳಗೆ ಮಿಣುಕು ದೀಪಗಳು. ನನ್ನದು ಪವರ್ ಇರುವ ತಂಪು ಕನ್ನಡಕ. ಹಾಕಿಕೊಂಡರೆ ಕತ್ತಲು, ತೆಗೆದರೆ ಮಂಜು. ಒಂದು ಕಣ್ಣಿಗೆ ಹಾಕಿ ಒಂದಕ್ಕೆ ಬಿಡುವ ಪ್ರಯೋಗ ನಡೆಸುತ್ತಿದ್ದಾಗ ಚಾವಣಿಯಿಂದ ಒಂದು ಹನಿ ತಣ್ಣೀರು ಸರಿಯಾಗಿ ಕುತ್ತಿಗೆಯೊಳಗೆ ಇಳಿಯಿತು. "ಅಯ್ಯಯ್ಯೋ!" ಅಂದೆ. ಸುರಂಗ ಅದನ್ನು ಆ ತುದಿಯವರೆಗೆ ಮುಟ್ಟಿಸಿತು. ಕತ್ತಲಿನಿಂದ ಯಾರೋ ಬಹಳ ಸ್ನೇಹದಿಂದ "ಹಲೋ!" ಅಂತ ಉತ್ತರ ಕೊಟ್ಟರು.

ಸುರಂಗ ದಾಟಿದರೆ ಬ್ಯಾಲಿವಾಯ್ಲ್ ಸೇತುವೆ. 1922ರಲ್ಲಿ, ಅಂತರ್ಯುದ್ಧದ ಕಾಲದಲ್ಲಿ, ಅದನ್ನು ಸ್ಫೋಟಿಸಿದ್ದರು. 1924ರಲ್ಲಿ ಮತ್ತೆ ಕಟ್ಟಿದರು. ಅಲ್ಲಿಂದ ಮುಂದೆ ಎಡಕ್ಕೆ ಕಡಲು. ಸೈಕಲ್ ತಾನಾಗಿಯೇ ಸರಿಹೋಯಿತು. ಪೆಡಲ್ ಹಗುರ, ಗಾಳಿ ಎದುರಿಗಿದ್ದರೂ ಲೆಕ್ಕಕ್ಕಿಲ್ಲ. "ನೋಡಿದ್ಯಾ? ಅಭ್ಯಾಸ ಆಗೋಕೆ ಸ್ವಲ್ಪ ಹೊತ್ತು ಬೇಕು ಅಷ್ಟೇ. ಈಗ ಕಾಲು ಹಿಡಿತಕ್ಕೆ ಬಂತು" ಅಂದೆ.

ಹೆಂಡತಿ ಏನೂ ಹೇಳಲಿಲ್ಲ. ಬ್ಯಾಗಿನಿಂದ ಬಾಟಲಿ ತೆಗೆದು ತೋರಿಸಿದಳು.

ಡಂಗಾರ್ವನ್‌ನಲ್ಲಿ ಇಳಿದಾಗ ನನ್ನ ತೊಡೆಗಳು ಬೇರೆ ಯಾರದ್ದೋ ಅನ್ನಿಸುತ್ತಿತ್ತು. ಸೈಕಲ್‌ನಲ್ಲೇ ವಾಪಸ್ ಹೋದರೆ ಗಾಳಿ ಬೆನ್ನಿಗೆ ಬರುತ್ತದೆ, ತಳ್ಳಿಕೊಂಡೇ ಹೋಗುತ್ತದೆ ಅಂತ ಅಲ್ಲಿದ್ದವರೊಬ್ಬರು ಹೇಳಿದರು. ಆ ಹೊತ್ತಿಗೆ ನಾನು ವ್ಯಾನಿನಲ್ಲಿ ಕೂತಾಗಿತ್ತು.

ದಾರಿಯುದ್ದಕ್ಕೂ ಹುಲ್ಲು, ಮರ ಎಲ್ಲ ವಾಟರ್‌ಫೋರ್ಡ್ ಕಡೆಗೇ ಬಾಗಿದ್ದವು. ಬೆಳಿಗ್ಗೆಯಿಂದ ನನ್ನ ಎದೆಗೆ ಹೊಡೆದ ಗಾಳಿ ಈಗ ವ್ಯಾನ್ ತಳ್ಳುತ್ತಿತ್ತು. ಹಿಂದಿನ ಗಾಜಿನಲ್ಲಿ ನೋಡಿದೆ. ಟ್ರೇಲರ್‌ಗೆ ಕಟ್ಟಿದ್ದ ನನ್ನ ಸೈಕಲ್‌ನ ಮುಂದಿನ ಚಕ್ರ ತನ್ನಷ್ಟಕ್ಕೆ ತಿರುಗುತ್ತಿತ್ತು, ಬ್ರೇಕಿಗೆ ಒಂಚೂರೂ ತಾಗದೆ.